ಮೇರಾ ಶಿಖರಕ್ಕೆ ಹೊರಡುವ ಮುನ್ನ

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಪಾದಕರು ಯುಗಾದಿ ಊಟದ ಸಾಲಿನಲ್ಲೇ ನಮ್ಮನ್ನು ಹಿಡಿದರು. ಕೈಯಲ್ಲಿ ಒಬ್ಬಟ್ಟಿನ ತಟ್ಟೆ ಇದ್ದುದರಿಂದ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. "ಹೇಗೂ ಹಿಮಾಲಯಕ್ಕೆ ಹೊರಟಿದ್ದೀರಂತೆ, ಹೋಗಿ ಬಂದ ಮೇಲೆ ಒಂದು ಪ್ರವಾಸ ಕಥನ ಬರೆದುಬಿಡಿ" ಎಂದರು. ಹೋಗಿ ಬಂದ ಮೇಲೆ ಎಲ್ಲರೂ ಬರೆಯುತ್ತಾರೆ, ನಾವು ಹೋಗುವ ಮುಂಚೆಯೇ ಬರೆದುಕೊಡುತ್ತೇವೆ ಎಂದೆವು. ಅವರು ನಕ್ಕರು. ಆದರೆ ನಾವು ಹಾಗೆಂದದ್ದಕ್ಕೆ ಕಾರಣವಿದೆ. ಓದುಗ ಬಾಂಧವರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಮೊದಲು 'ನಾವು' ಯಾರು ಎಂದು ಹೇಳಿಬಿಡುತ್ತೇವೆ. ಇಲ್ಫರ್ಡಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಸಂಸಾರ ಹೂಡಿರುವ ಗಂಡ ಹೆಂಡತಿ. ಒಬ್ಬರು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಪ್ಲ್ಯಾಬ್ ಪರೀಕ್ಷೆ ಬರೆದು, ಆರು ತಿಂಗಳಿಗೊಂದು ಊರಿನಂತೆ ಆಸ್ಪತ್ರೆಯ ಕೋಣೆಗಳಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟಿ ಈ ದೇಶದಲ್ಲಿ ತರಬೇತಿ ಪಡೆದ ವೈದ್ಯರು. ಇನ್ನೊಬ್ಬರು ಸಾಗರದ ಕಡೆಯವರು, ಇಲ್ಲಿಯ ಶಾಲೆಯೊಂದರಲ್ಲಿ ಗಣಿತದ ಮೇಡಂ. ಇಬ್ಬರಿಗೂ ಐವತ್ತು ದಾಟಿದೆ. ಈ ಲೇಖನ ಬರೆದ ಕೈ ವೈದ್ಯರದು. ಆ ಅಕ್ಷರವನ್ನು ಓದಬಲ್ಲ ಏಕೈಕ ವ್ಯಕ್ತಿ ಮೇಡಂ, ಆದ್ದರಿಂದ ತಿದ್ದಿ ನಕಲು ಮಾಡಿದವರು ಅವರು. ಹೀಗಾಗಿ ಉದ್ದಕ್ಕೂ 'ನಾವು'.

ಬರುವ ಅಕ್ಟೋಬರಿನಲ್ಲಿ ನಾವು ನೇಪಾಳದ ಮೇರಾ ಶಿಖರಕ್ಕೆ ಹೊರಡುವವರಿದ್ದೇವೆ. ಎತ್ತರ 6,476 ಮೀಟರ್. ನಮ್ಮ ಕರ್ನಾಟಕದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಮುಳ್ಳಯ್ಯನಗಿರಿಯ ಮೇಲೆ ಮುಳ್ಳಯ್ಯನಗಿರಿ, ಅದರ ಮೇಲೆ ಇನ್ನೊಂದು ಇಟ್ಟರೂ ಸಾಲದು. ಇದನ್ನು 'ಟ್ರೆಕಿಂಗ್ ಪೀಕ್' ಎನ್ನುತ್ತಾರೆ. ಈ ಹೆಸರೇ ಸ್ವಲ್ಪ ಮೋಸದ್ದು. 1978ರಲ್ಲಿ ನೇಪಾಳವು 18 ಶಿಖರಗಳನ್ನು ಆರಿಸಿ, ದೊಡ್ಡ ಎಕ್ಸ್‌ಪೆಡಿಷನ್ನುಗಳ ತಾಪತ್ರಯವಿಲ್ಲದೆ ಸರಳವಾದ ಪರವಾನಗಿಯ ಮೇಲೆ ಹತ್ತಲು ಬಿಟ್ಟಿತು. ಆ ಪಟ್ಟಿ ಆಮೇಲೆ ಬೆಳೆಯಿತು. ಪರವಾನಗಿ ಸರಳ ಎಂದ ಮಾತ್ರಕ್ಕೆ ಬೆಟ್ಟ ಸರಳವಲ್ಲ. ಮೇಲೆ ಹಿಮನದಿ ಇದೆ, ಅದರಲ್ಲಿ ಕಾಣದ ಬಿರುಕುಗಳಿವೆ. ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು, ಒಬ್ಬರಿಗೊಬ್ಬರು ಹಗ್ಗ ಬಿಗಿದುಕೊಂಡು, ಗೈಡಿನ ಹಿಂದೆ ಹೆಜ್ಜೆ ಹಾಕಬೇಕು.

ಮೇರಾವನ್ನು ಮೊದಲು ಹತ್ತಿದವರು ಜಿಮ್ಮಿ ರಾಬರ್ಟ್ಸ್ ಮತ್ತು ಸೆನ್ ತೆನ್‌ಸಿಂಗ್, 1953ರ ಮೇ ತಿಂಗಳಲ್ಲಿ. ಎವರೆಸ್ಟ್ ವಿಜಯವೂ ಅದೇ ತಿಂಗಳ ಕೊನೆಗೆ ಆದ್ದರಿಂದ ಈ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ ಅಂತ ಕಾಣುತ್ತದೆ. ಅದೇ ರಾಬರ್ಟ್ಸ್ 1964ರಲ್ಲಿ ಕಠ್ಮಂಡುವಿನಲ್ಲಿ ಮೌಂಟನ್ ಟ್ರಾವೆಲ್ ಎಂಬ ಕಂಪನಿ ತೆರೆದು, ನಮ್ಮಂಥ ಸಾಮಾನ್ಯರೂ ದುಡ್ಡು ಕೊಟ್ಟು ಗೈಡಿನೊಡನೆ ಹಿಮಾಲಯದಲ್ಲಿ ನಡೆಯುವ ದಾರಿ ಮಾಡಿಕೊಟ್ಟರು.

ಮೈಸೂರಿನ ಅಮ್ಮನಿಗೆ ಫೋನಿನಲ್ಲಿ ತಿಳಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೈಲಾಸಕ್ಕೆ ಹೋದರೆ ಪುಣ್ಯ ಬರುತ್ತೆ. ಇದಕ್ಕೆ ಹೋದರೆ ಏನಪ್ಪಾ ಬರುತ್ತೆ?" ಉತ್ತರ ತೋಚಲಿಲ್ಲ. ಸಂಘದ ಸ್ನೇಹಿತರು ಮಾತ್ರ ಧೈರ್ಯ ಹೇಳಿದರು. "ನಿಮಗೇನು ಬಿಡಿ ಮೇಡಂ, ಮನೆಯಲ್ಲೇ ಡಾಕ್ಟರಿದ್ದಾರೆ, ಜೊತೆಗೇ ಬರುತ್ತಾರೆ, ಭಯವೇ ಇಲ್ಲ" ಎಂದು ಐದಾರು ಜನರಾದರೂ ಹೇಳಿದ್ದಾರೆ. ಈ ಮಾತಿಗೆ ಉತ್ತರ ಕೊಡಬೇಕೆಂದೇ ಈ ಲೇಖನ.

ಹಳೆಯ ಸದಸ್ಯರಿಗೆ ನೆನಪಿರಬಹುದು. 2016ರಲ್ಲಿ ಇದೇ ಪತ್ರಿಕೆಯಲ್ಲಿ ಒಂದು ಫೋಟೋ ಬಂದಿತ್ತು. 'ಕಿಲಿಮಂಜಾರೋ ಏರಿದ ಇಲ್ಫರ್ಡಿನ ಕನ್ನಡ ದಂಪತಿಗಳು' ಎಂದು ಕೆಳಗೆ ಬರೆದಿತ್ತು. 5,895 ಮೀಟರ್ ಎತ್ತರದ ಹಲಗೆಯ ಮುಂದೆ ಟೋಪಿ, ಕಪ್ಪು ಕನ್ನಡಕ, ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡ ಇಬ್ಬರು. ಫೋಟೋಕಾಪಿ ಯಂತ್ರದ ಕೃಪೆಯಿಂದ ಮುಖಗಳು ಇನ್ನಷ್ಟು ಕಪ್ಪಾಗಿದ್ದವು. "ಮೇಡಂ ಗುರುತೇ ಸಿಗುವುದಿಲ್ಲವಲ್ಲ!" ಎಂದು ಎಲ್ಲರೂ ಹೇಳಿದರು. ಗುರುತು ಸಿಗದಿರಲು ಕಾರಣ, ಅದು ಮೇಡಂ ಅಲ್ಲ. ಬೇರೆ ಗುಂಪಿನ ಯಾರೋ ಡಚ್ ಮಹಿಳೆ, ಹಲಗೆಯ ಪಕ್ಕ ನಿಂತಿದ್ದವರು. ನಮ್ಮ ಮೇಡಂ ಆ ಹೊತ್ತಿಗೆ 2,800 ಮೀಟರ್ ಕೆಳಗಿನ ಡೇರೆಯೊಂದರಲ್ಲಿ ಕೂತು ಉಸಿರು ಎಣಿಸುತ್ತಿದ್ದರು.

ನಡೆದದ್ದು ಹೀಗೆ. ಆರು ದಿನದ ಪ್ರವಾಸ. ಏಳು, ಎಂಟು ದಿನದ್ದು ದುಬಾರಿ ಎಂದು ಬಿಟ್ಟಿದ್ದೆವು. ನಾಲ್ಕನೆಯ ದಿನದಿಂದಲೇ ಮೇಡಂಗೆ ಒಣಕೆಮ್ಮು. ಧೂಳು ಎಂದರು ನಮ್ಮಲ್ಲಿ ವೈದ್ಯರಾದವರು. ಬರಾಫು ಕ್ಯಾಂಪಿಗೆ (ಸುಮಾರು 4,670 ಮೀ.) ಬಂದಾಗ ಸುಮ್ಮನೆ ಕೂತರೂ ಏದುಸಿರು. ಸುಸ್ತು ಎಂದರು. ಗೈಡು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಾಗ 64 ತೋರಿಸಿತು. ಬೆರಳು ತಣ್ಣಗಿದೆ, ಯಂತ್ರ ತಪ್ಪು ತೋರಿಸುತ್ತಿದೆ ಎಂದರು. ಇದೇ ಲಕ್ಷಣಗಳನ್ನು ಬೇರೆ ಯಾರಾದರೂ ಫೋನಿನಲ್ಲಿ ಹೇಳಿದ್ದರೆ, ಅದೇ ವೈದ್ಯರು ಅರ್ಧ ನಿಮಿಷದಲ್ಲಿ "ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ, ತಕ್ಷಣ ಇಳಿಸಿ" ಎನ್ನುತ್ತಿದ್ದರು. ಎತ್ತರದಲ್ಲಿ ಪ್ರಾಣ ತೆಗೆಯುವ ಕಾಯಿಲೆಗಳಲ್ಲಿ ಇದು ಮುಖ್ಯವಾದದ್ದು. ಪುಸ್ತಕದಲ್ಲಿ ಓದಿದ್ದರು, ಪರೀಕ್ಷೆಯಲ್ಲಿ ಬರೆದಿದ್ದರು. ಕಣ್ಣೆದುರು ಕೂತಾಗ ಕಾಣಲಿಲ್ಲ. ಏಕೆಂದರೆ ಕಂಡರೆ ಶಿಖರ ಬಿಡಬೇಕಾಗಿತ್ತು.

ಗೈಡು ಓದಿದವನಲ್ಲ. "ಮಾಮಾ ಕೆಳಗೆ ಹೋಗಬೇಕು, ಈಗಲೇ" ಎಂದ. ಒಬ್ಬ ಸಹಾಯಕ ಗೈಡು, ಇಬ್ಬರು ಪೋರ್ಟರುಗಳು, ಒಂದು ಆಕ್ಸಿಜನ್ ಬಾಟಲಿ. ಮೇಡಂ ಸಂಜೆ ಕತ್ತಲಾಗುವ ಹೊತ್ತಿಗೆ ಇಳಿಯತೊಡಗಿದರು. "ನೀನು ನಿಧಾನವಾಗಿ ಇಳಿದಿರು, ನಾನು ಬೇಗ ಮುಗಿಸಿಕೊಂಡು ಬಂದುಬಿಡುತ್ತೇನೆ" ಎಂದು ಹೇಳಿ ನಮ್ಮಲ್ಲಿ ಇನ್ನೊಬ್ಬರು ಮಧ್ಯರಾತ್ರಿ ಮೇಲಕ್ಕೆ ಹೊರಟರು. ಇದಿಷ್ಟೇ. ಒಬ್ಬರು ಇಳಿದೆವು, ಒಬ್ಬರು ಹತ್ತಿದೆವು. ಮರುದಿನ ಮಧ್ಯಾಹ್ನ ಕೆಳಗಿನ ಕ್ಯಾಂಪಿಗೆ ಬಂದಾಗ ಮೇಡಂ ಡೇರೆಯ ಹೊರಗೆ ಟೀ ಕುಡಿಯುತ್ತಾ ಕೂತಿದ್ದರು. ಈ ಕಾಯಿಲೆಗೆ ಇಳಿಯುವುದೇ ಔಷಧ, ಇಳಿದದ್ದಕ್ಕೆ ಬದುಕಿಕೊಂಡರು. ಅವರು ಕೇಳಿದ್ದು ಒಂದೇ ಮಾತು: "ಫೋಟೋ ಚೆನ್ನಾಗಿ ಬಂತಾ?"

ಆಮೇಲೆ ಆ ವಿಷಯ ನಾವು ಮಾತಾಡಲಿಲ್ಲ. ಫೋಟೋ ಹಾಲಿನ ಗೋಡೆಗೆ ಏರಿತು. ಬಂದವರೆಲ್ಲ ಹೊಗಳಿದರು. ವಾರಕ್ಕೊಮ್ಮೆ ಅದರ ಧೂಳು ಒರೆಸಿದವರು ಮೇಡಂ. ಪತ್ರಿಕೆಗೆ ಫೋಟೋ ಕಳಿಸಿದವರೂ ನಾವೇ, ಕೆಳಗಿನ ಸಾಲು ಬರೆದುಕೊಟ್ಟವರೂ ನಾವೇ. ಸಂಪಾದಕರ ತಪ್ಪೇನೂ ಇಲ್ಲ. ಇದು ಬಹಳ ತಡವಾಗಿ ಬಂದ ತಿದ್ದುಪಡಿ ಎಂದು ದಯವಿಟ್ಟು ಅಚ್ಚು ಹಾಕಬೇಕು.

ಹೋದ ವರ್ಷ ಮೇಡಂ ಒಂದು ಕ್ಯಾಟಲಾಗ್ ತಂದು ಅಡುಗೆಮನೆ ಮೇಜಿನ ಮೇಲಿಟ್ಟರು. ಮೇರಾ ಶಿಖರದ ಪುಟಕ್ಕೆ ಗುರುತು ಇಟ್ಟಿದ್ದರು. ಕೊಡಚಾದ್ರಿಯ ತಪ್ಪಲಲ್ಲಿ ಬೆಳೆದವರು. ನಮ್ಮಿಬ್ಬರಲ್ಲಿ ನಡೆಯುವುದನ್ನು ನಿಜವಾಗಿ ಪ್ರೀತಿಸುವವರು ಅವರೇ. "ರೀ, ಈ ಸಲ ನಾನು ಹೋಗ್ತೀನಿ. ನೀವು ಬರೋ ಹಾಗಿದ್ದರೆ ಬನ್ನಿ. ಆದರೆ ಡಾಕ್ಟರಾಗಿ ಬರಬೇಡಿ" ಎಂದರು. ಅಂದಿನಿಂದ ಶುರುವಾಯಿತು ತಯಾರಿ, ಜೊತೆಗೆ ಬಾಕಿ ಇದ್ದ ಮಾತುಕತೆಯೂ.

ಡಾಕ್ಟರಾಗಿ ಬರಬೇಡಿ ಎಂಬುದರಲ್ಲಿ ಅರ್ಥವಿದೆ. ಸಾಧ್ಯವಾದಷ್ಟು ಮಟ್ಟಿಗೆ ತನಗೂ ತನ್ನ ಮನೆಯವರಿಗೂ ತಾನೇ ವೈದ್ಯನಾಗಬೇಡ ಎಂದು ಇಲ್ಲಿಯ ಜನರಲ್ ಮೆಡಿಕಲ್ ಕೌನ್ಸಿಲ್ ಹೇಳುತ್ತದೆ. ಔಷಧದ ದುರುಪಯೋಗ ತಪ್ಪಿಸಲು ಮಾಡಿದ ನಿಯಮ ಎಂದು ತಿಳಿದಿದ್ದೆವು. ಬರಾಫು ಕ್ಯಾಂಪಿನಲ್ಲಿ ಅದರ ನಿಜವಾದ ಅರ್ಥ ಗೊತ್ತಾಯಿತು: ನಮ್ಮವರನ್ನು ನೋಡುವಾಗ ಕಣ್ಣಿಗೆ ಬೇಕಾದದ್ದೇ ಕಾಣುತ್ತದೆ. ಹೀಗಾಗಿ ಮೊದಲು ಪರ್ವತ ವೈದ್ಯಕೀಯ ಬಲ್ಲ ಇನ್ನೊಬ್ಬ ವೈದ್ಯರಲ್ಲಿಗೆ ಮೇಡಂ ಒಬ್ಬರೇ ಹೋದರು. ಅವರು ಹೃದಯದ ಸ್ಕ್ಯಾನ್ ಮಾಡಿಸಿ, ಮುಚ್ಚುಮರೆ ಇಲ್ಲದೆ ಹೇಳಿದರು. ಒಮ್ಮೆ ಈ ಕಾಯಿಲೆ ಬಂದವರಿಗೆ ಅದೇ ವೇಗದಲ್ಲಿ ಹತ್ತಿದರೆ ಮತ್ತೆ ಬರುವ ಸಂಭವ ಹೆಚ್ಚು. ಹೋಗಲೇಬೇಕೆಂದರೆ ನಿಧಾನವೇ ಮೊದಲ ಔಷಧ. ನಿಫೆಡಿಪಿನ್ ಮಾತ್ರೆ ಎರಡನೆಯದು. ಲಕ್ಷಣ ಕಂಡ ಕೂಡಲೇ ಇಳಿಯುವುದು ಎಲ್ಲಕ್ಕಿಂತ ದೊಡ್ಡದು. ಹೋಗಬೇಡಿ ಎಂದರೂ ಒಪ್ಪುತ್ತಿದ್ದೆವು. ಅವರು ತೀರ್ಮಾನ ನಿಮ್ಮದು ಎಂದರು.

ನಿಧಾನ ಎಂದರೆ ಎಷ್ಟು ನಿಧಾನ? ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ, ಗಾಳಿಯ ಒತ್ತಡ ಕಡಿಮೆಯಾಗುತ್ತದೆ. 5,500 ಮೀಟರಿನಲ್ಲಿ ಅದು ಇಲ್ಫರ್ಡಿನ ಅರ್ಧ. ಮೈ ಇದಕ್ಕೆ ಒಗ್ಗಬಲ್ಲದು, ಆದರೆ ಸಮಯ ಕೊಡಬೇಕು. ತಜ್ಞರ ಸೂತ್ರ ಇದು: 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಕಳೆಯಬೇಕು. ಹಗಲು ಎಷ್ಟು ಹತ್ತಿ ಇಳಿದರೂ ಸರಿ, ಲೆಕ್ಕ ನಿದ್ದೆಯ ಜಾಗದ್ದು.

ಮೇಡಂ ಗ್ರಾಫ್ ಹಾಳೆ ತೆಗೆದುಕೊಂಡು ನಾಲ್ಕು ಕಂಪನಿಗಳ ಕಾರ್ಯಕ್ರಮವನ್ನು ಗೆರೆ ಎಳೆದು ನೋಡಿದರು. ಲುಕ್ಲಾ ವಿಮಾನ ನಿಲ್ದಾಣ ಸುಮಾರು 2,850 ಮೀಟರಿನಲ್ಲಿದೆ. ಅಲ್ಲಿಂದ ನೇರವಾಗಿ ಸುಮಾರು 4,600 ಮೀಟರಿನ ಜತ್ರ್ವಾ ಲಾ ಕಣಿವೆದಾರಿ ದಾಟಿದರೆ ದಿನಗಳು ಉಳಿಯುತ್ತವೆ, ಅಗ್ಗವೂ ಆಗುತ್ತದೆ. ಆದರೆ ಗೆರೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ದಕ್ಷಿಣದ ಕಾಡುಗಳನ್ನು ಸುತ್ತಿ, ಪಾಂಗೋಮ್ ಮೇಲೆ ಹಾದು, ಹಿಂಕು ಕಣಿವೆಯ ಕೋಥೆಗೆ (3,600 ಮೀ.) ಬಂದರೆ ಗೆರೆ ನಿಧಾನವಾಗಿ ಏರುತ್ತದೆ. ನಾವು ಆ ದಾರಿ ಹಿಡಿದೆವು. ಕೋಥೆಯಲ್ಲಿ ಎರಡು ರಾತ್ರಿ, ಥಕ್ನಾಕ್‌ನಲ್ಲಿ (4,350 ಮೀ.) ಎರಡು ರಾತ್ರಿ, ಖಾರೆಯಲ್ಲಿ (ಸುಮಾರು 5,000 ಮೀ.) ಮೂರು ರಾತ್ರಿ. ಅಲ್ಲಿಂದ 5,415 ಮೀಟರಿನ ಮೇರಾ ಲಾ ದಾಟಿ 5,800ರ ಮೇಲಿನ ಕ್ಯಾಂಪಿನಲ್ಲಿ ಒಂದೇ ರಾತ್ರಿ, ಬೆಳಗಿನ ಜಾವ ಶಿಖರ, ಅದೇ ದಿನ ಖಾರೆಗೆ ವಾಪಸು. ಜತ್ರ್ವಾ ಲಾ ದಾರಿ ಬರುವಾಗಕ್ಕೆ. ಹವೆ ಕೆಟ್ಟರೆ ಕಾಯಲು ಇನ್ನೆರಡು ದಿನ. ಒಂದು ಕಂಪನಿ "ಬೇರೆಯವರು ಇಷ್ಟು ದಿನ ಕೇಳುವುದಿಲ್ಲ" ಎಂದು ಬರೆಯಿತು. ಅದನ್ನು ಬಿಟ್ಟೆವು.

ಐಲ್ಯಾಂಡ್ ಪೀಕ್ ಏಕೆ ಬೇಡ ಎಂದು ಕೆಲವರು ಕೇಳಿದರು. ಅದು 6,189 ಮೀಟರ್, ಸ್ವಲ್ಪ ಗಿಡ್ಡ. ಆದರೆ ತುದಿಯ ಬಳಿ ಕಡಿದಾದ ಹಿಮದ ಗೋಡೆಯನ್ನು ಹಗ್ಗ ಹಿಡಿದು ಏರಬೇಕು. ಅಲ್ಲಿ ಒಬ್ಬರಿಗೆ ಅಸ್ವಸ್ಥತೆ ಆದರೆ ಇಳಿಸುವುದು ಕಷ್ಟ. ಮೇರಾ ಎತ್ತರ, ಆದರೆ ಇಳಿಜಾರು ಸೌಮ್ಯ. ತಿರುಗಿ ನಡೆದರೆ ಆಯಿತು. ತಿರುಗುವುದು ಸುಲಭವಾದ ಬೆಟ್ಟವೇ ನಮಗೆ ಬೇಕಾಗಿತ್ತು.

ಕಂಪನಿ ಆರಿಸುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆವು: ಪೋರ್ಟರುಗಳಿಗೆ ಏನು ಕೊಡುತ್ತೀರಿ? ಬೂಟು, ಕೋಟು, ವಿಮೆ, ಮಲಗಲು ಜಾಗ? ಹೊರೆ ಎಷ್ಟು ಕಿಲೋ? ಅವರು ಕಾಯಿಲೆ ಬಿದ್ದರೆ ಯಾರು ಜೊತೆಯಲ್ಲಿ ಇಳಿಯುತ್ತಾರೆ? ಕಾಯಿಲೆ ಬಿದ್ದ ಪೋರ್ಟರನ್ನು ಒಬ್ಬನೇ ಕೆಳಗೆ ಕಳಿಸಿಬಿಟ್ಟು ಅವನು ದಾರಿಯಲ್ಲಿ ಸತ್ತ ಘಟನೆಗಳಿವೆ. ಅಂಥ ಸಾವಿನಿಂದಲೇ 1997ರಲ್ಲಿ ಪೋರ್ಟರುಗಳ ರಕ್ಷಣೆಗೆ ಅಂತರರಾಷ್ಟ್ರೀಯ ಸಂಘಟನೆಯೊಂದು ಹುಟ್ಟಿತು. ಕಿಲಿಮಂಜಾರೋದಲ್ಲಿ ಮೇಡಂ ಕೈಹಿಡಿದು ಕತ್ತಲಲ್ಲಿ ಇಳಿಸಿದವರು ಪೋರ್ಟರುಗಳು. ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆದ ಕಂಪನಿಗೆ ಮುಂಗಡ ಕಟ್ಟಿದೆವು.

ಇನ್ನು ವಿಮೆ. ಸಾಮಾನ್ಯ ಪ್ರವಾಸ ವಿಮೆ ಎಷ್ಟೋ ಕಡಿಮೆ ಎತ್ತರಕ್ಕೇ ನಿಂತುಬಿಡುತ್ತದೆ. 6,500 ಮೀಟರಿನವರೆಗೆ, ಹಗ್ಗ ಕಟ್ಟಿ ಹತ್ತುವುದೂ ಹೆಲಿಕಾಪ್ಟರೂ ಸೇರಿದಂತೆ, ಬರಹದಲ್ಲಿ ಇರಬೇಕು. ನೇಪಾಳದಲ್ಲಿ ಸುಳ್ಳು ಕಾಯಿಲೆ ತೋರಿಸಿ ಹೆಲಿಕಾಪ್ಟರ್ ಕರೆಸಿ ಹಣ ಹೊಡೆಯುವ ದಂಧೆ 2018ರಲ್ಲಿ ದೊಡ್ಡ ಸುದ್ದಿಯಾಗಿ ಸರ್ಕಾರವೇ ತನಿಖೆ ನಡೆಸಿತ್ತು; ಅಂದಿನಿಂದ ವಿಮೆಯವರು ಬಿಗಿಯಾಗಿದ್ದಾರೆ. ಅರ್ಜಿಯಲ್ಲಿ 'ಹಿಂದೆ ಎತ್ತರದ ಕಾಯಿಲೆ ಆಗಿತ್ತೇ?' ಎಂಬ ಕಲಂ ಇತ್ತು. ನಮ್ಮಲ್ಲಿ ವೈದ್ಯರಾದವರು ಅದರ ಎದುರು ಪೆನ್ನು ಹಿಡಿದು ಹತ್ತು ನಿಮಿಷ ಕೂತರು. ನಂತರ 'ಹೌದು, 2016, ಕಿಲಿಮಂಜಾರೋ' ಎಂದು ಬರೆದರು. ಅಷ್ಟು ವರ್ಷದಲ್ಲಿ ಆ ಸತ್ಯ ಮೊದಲ ಬಾರಿಗೆ ಕಾಗದದ ಮೇಲೆ ಬಂದದ್ದು ವಿಮೆಯ ಅರ್ಜಿಯಲ್ಲಿ!

ಅಭ್ಯಾಸದ ವಿಚಾರ ಕೇಳಿದರೆ ನಗುತ್ತೀರಿ. ನಮ್ಮ ಇಲ್ಫರ್ಡು ಅಂಗೈಯಂತೆ ಸಮತಟ್ಟು. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಬೇಕೆಂದರೆ ಮನೆಯ ಹದಿಮೂರು ಮೆಟ್ಟಿಲನ್ನು 77 ಸಲ ಹತ್ತಬೇಕು ಎಂದು ಮೇಡಂ ಲೆಕ್ಕ ಹಾಕಿದರು, ಹತ್ತಿಸಿಯೂ ಬಿಟ್ಟರು. ಬೆನ್ನುಚೀಲದಲ್ಲಿ ಹತ್ತು ಕಿಲೋ ಸೋನಾ ಮಸೂರಿ ಹಾಕಿಕೊಂಡು ವ್ಯಾಲೆಂಟೈನ್ಸ್ ಪಾರ್ಕಿನಲ್ಲಿ ಸುತ್ತು ಹೊಡೆಯುವಾಗ, ಪಕ್ಕದ ಮನೆಯ ಪಂಜಾಬಿ ಆಂಟಿ "ಅಂಗಡಿ ದಾರಿ ಮರೆತಿರಾ?" ಎಂದು ಕೇಳಿದರು. ತಿಂಗಳಿಗೊಮ್ಮೆ ವೇಲ್ಸಿನ ಬೆಟ್ಟಗಳು. ಚಳಿಗಾಲದಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್‌ಗಳಲ್ಲಿ ಕ್ರ್ಯಾಂಪಾನ್ ಕಟ್ಟಿ ನಡೆಯುವುದನ್ನು ಕಲಿತೆವು. ಇದೆಲ್ಲ ಕಾಲಿಗೆ ಬಲ ಕೊಡುತ್ತದೆ, ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. ಗಟ್ಟಿಮುಟ್ಟಾದವರು ವೇಗವಾಗಿ ಹತ್ತಿ ಬೇಗ ಕಾಯಿಲೆ ಬೀಳುವುದೂ ಉಂಟು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಎತ್ತರದಲ್ಲಿ ಬುದ್ಧಿ ಮಂಕಾಗುತ್ತದೆ, ಆಸೆ ಮಾತ್ರ ಮಂಕಾಗುವುದಿಲ್ಲ. ಆದ್ದರಿಂದ ಮೇಲೆ ಮಾಡಬೇಕಾದ ತೀರ್ಮಾನಗಳನ್ನು ಕೆಳಗೇ, ಅಡುಗೆಮನೆಯಲ್ಲಿ, ಕಾಫಿ ಕುಡಿಯುತ್ತಾ ಬರೆದಿಡಬೇಕು ಎಂದುಕೊಂಡೆವು. ವೈದ್ಯರಾದವರು ಒಂದು ಕಾಗದ ತಯಾರಿಸಿದರು. ದಿನಾ ಸಂಜೆ ನಾಲ್ಕು ಪ್ರಶ್ನೆ: ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು. ಇವು ಲೇಕ್ ಲೂಯೀಸ್ ಎಂಬ ಪಟ್ಟಿಯವು, 2018ರಲ್ಲಿ ಪರಿಷ್ಕರಿಸಿದ್ದು. ಅವಕ್ಕೆ ಕೆಮ್ಮು ಮತ್ತು ಏದುಸಿರನ್ನು ನಾವು ಸೇರಿಸಿದೆವು. ಗೈಡು 'ಇಳಿಯಿರಿ' ಎಂದರೆ ವಾದವಿಲ್ಲ. ಶಿಖರದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿದ್ದರೆ ಅಲ್ಲಿಂದ ವಾಪಸು, ತುದಿ ಕೈಗೆಟಕುವಷ್ಟು ಹತ್ತಿರವಿದ್ದರೂ. ಕೊನೆಯ ಸಾಲು: 'ಮೇಡಂ ಇಳಿಯಬೇಕಾಗಿ ಬಂದರೆ ನಾನೂ ಜೊತೆಯಲ್ಲೇ ಇಳಿಯುತ್ತೇನೆ.' ಇದನ್ನು ಬರೆದು ದೊಡ್ಡ ಪ್ರಾಯಶ್ಚಿತ್ತ ಮಾಡಿದ ಹಾಗೆ ಮೇಡಂ ಕೈಗೆ ಕೊಟ್ಟರು.

ಮೇಡಂ ಕೆಂಪು ಪೆನ್ನು ಹಿಡಿದು ಓದಿದರು, ಶಾಲೆಯ ಉತ್ತರಪತ್ರಿಕೆ ತಿದ್ದುವಂತೆ. ಕೊನೆಯ ಸಾಲಿಗೆ ಬಂದು ಕೇಳಿದರು: "ಇಳಿಯಬೇಕಾದವರು ನೀವಾದರೆ?"

ಕಾಗದದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಇಡೀ ಕಾಗದದಲ್ಲಿ ಕಾಯಿಲೆ ಬೀಳುವವರು ಒಬ್ಬರೇ, ನೋಡುವವರು ಇನ್ನೊಬ್ಬರೇ. ಮೂವತ್ತು ವರ್ಷ ಮಂಚದ ಈಚೆ ಕಡೆ ನಿಂತವರಿಗೆ ಆ ಕಡೆ ಮಲಗುವ ಯೋಚನೆ ಬರಲಿಲ್ಲ. ಮೇಡಂ ಆ ಸಾಲನ್ನು ಹೊಡೆದು ಹಾಕಿ ತಾವೇ ಬರೆದರು: 'ನಮ್ಮಲ್ಲಿ ಯಾರಿಗೇ ಕಾಯಿಲೆಯಾದರೂ ಇಬ್ಬರೂ ಇಳಿಯುವುದು. ಕಾಯಿಲೆ ಇಲ್ಲದೆ ಬರೀ ಸುಸ್ತಾಗಿ ಒಬ್ಬರು ಖಾರೆಯಲ್ಲಿ ಉಳಿದರೆ ಇನ್ನೊಬ್ಬರು ಸಂತೋಷವಾಗಿ ಹೋಗಿಬರುವುದು. ಕಾಯಿಲೆಯೋ ಸುಸ್ತೋ ಎಂದು ಹೇಳುವವರು ಡಾಕ್ಟರಲ್ಲ, ಗೈಡು.' ನಂತರ, "ನನ್ನ ಹೆಸರಿನಲ್ಲಿ ನೀವು ಶಿಖರ ಬಿಟ್ಟರೆ ಅದನ್ನು ಇನ್ನೊಂದು ಹತ್ತು ವರ್ಷ ನಾನು ಒರೆಸಬೇಕಾಗುತ್ತೆ" ಎಂದರು. ಇಬ್ಬರೂ ಸಹಿ ಹಾಕಿದೆವು. ಒಂದು ಪ್ರತಿ ಮಗಳ ಹತ್ತಿರ, ಒಂದು ಕಂಪನಿಗೆ, ಒಂದು ನಮ್ಮ ಚೀಲದಲ್ಲಿ.

ನೀವ್ಯಾರೂ ಮೇರಾ ಹತ್ತುವವರಲ್ಲ, ಸರಿ. ಆದರೆ ಊರಿಂದ ಬಂಧುಗಳ ಜೊತೆ ಲೇಹ್‌ಗೆ ವಿಮಾನದಲ್ಲಿ ಇಳಿಯುವವರಿದ್ದೀರಿ. ಅದು ಸುಮಾರು 3,500 ಮೀಟರ್. ವಯಸ್ಸಾದ ಅಪ್ಪ ಅಮ್ಮನನ್ನು ಮುಕ್ತಿನಾಥಕ್ಕೆ ಜೀಪಿನಲ್ಲಿ ಕರೆದೊಯ್ಯುವವರಿದ್ದೀರಿ. ಅದು 3,700ಕ್ಕೂ ಮೇಲೆ. ಕೈಲಾಸ ಪರಿಕ್ರಮದ ಡೋಲ್ಮಾ ಲಾ 5,600 ದಾಟುತ್ತದೆ. ಮೊದಲ ಎರಡು ದಿನ ಸುಮ್ಮನಿರಿ. ಎತ್ತರದಲ್ಲಿ ಮೈ ಸರಿಯಿಲ್ಲ ಎಂದರೆ, ಬೇರೆ ಕಾರಣ ಖಚಿತವಾಗುವವರೆಗೂ ಅದು ಎತ್ತರದ ಕಾಯಿಲೆಯೇ. ಕೂತಲ್ಲೇ ಏದುಸಿರು ಬಂದರೆ, ಕುಡಿದವರಂತೆ ಹೆಜ್ಜೆ ತಪ್ಪಿದರೆ, ದರ್ಶನ ಬಿಟ್ಟು ಇಳಿಯಿರಿ. ಮಾತ್ರೆಗಳ ವಿಚಾರ ನಿಮ್ಮ ವೈದ್ಯರನ್ನು ಕೇಳಿ. ಮನೆಯಲ್ಲೇ ವೈದ್ಯರಿದ್ದರೆ ಇನ್ನೊಬ್ಬ ವೈದ್ಯರನ್ನು ಕೇಳಿ.

ಅಕ್ಟೋಬರಿನವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾವು ವ್ಯಾಲೆಂಟೈನ್ಸ್ ಪಾರ್ಕಿನಲ್ಲಿ ಅಕ್ಕಿ ಹೊತ್ತು ನಡೆಯುತ್ತಿರುತ್ತೇವೆ. ಬರುವವರಿಗೆ ಸ್ವಾಗತ, ನಡೆದ ಮೇಲೆ ನಮ್ಮ ಮನೆಯಲ್ಲಿ ಫಿಲ್ಟರ್ ಕಾಫಿ. ಹಾಲಿನ ಗೋಡೆಯ ಫೋಟೋ ಈಗ ಇಲ್ಲ, ಮೊಳೆ ಮಾತ್ರ ಇದೆ. ಹೋಗಿ ಬಂದ ಮೇಲೆ ಫೋಟೋ ಕಳಿಸುತ್ತೇವೆ, ಅದು ತುದಿಯದ್ದಾದರೂ ಆಗಬಹುದು, ಖಾರೆಯ ಟೀ ಅಂಗಡಿಯದ್ದಾದರೂ ಆಗಬಹುದು. ಅಚ್ಚು ಹಾಕುವ ಮುಂಚೆ ಸಂಪಾದಕರು ದಯವಿಟ್ಟು ಮುಖಗಳನ್ನು ಸರಿಯಾಗಿ ನೋಡಬೇಕಾಗಿ ವಿನಂತಿ.